ವಾದಕ್ಕೆ ಬೇಕಾದ ಮುಸಲ್ಮಾನ, ಲೆಕ್ಕಕ್ಕೆ ಸಿಕ್ಕ ಫಾತಿಮಾ

ಅಮೆರಿಕದ ಸ್ವಾತಂತ್ರ್ಯ ಸಮರ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ಚರಿತ್ರೆ ಪುಸ್ತಕದ ಮೂರು ನಾಲ್ಕು ಸಂಗತಿಗಳು. 1773ರ ಡಿಸೆಂಬರಿನಲ್ಲಿ ಬಾಸ್ಟನ್ ಬಂದರಿನ ನೀರಿಗೆ ಸುರಿದ ಈಸ್ಟ್ ಇಂಡಿಯಾ ಕಂಪೆನಿಯ ಚಹಾ, 1776ರ ಜುಲೈ 4ರ ಘೋಷಣೆ, ಸೈನ್ಯ ನಡೆಸಿದ ಜಾರ್ಜ್ ವಾಷಿಂಗ್ಟನ್. ಆದರೆ ಆ ಕ್ರಾಂತಿ ಬಂದೂಕಿನಿಂದ ನಡೆದಷ್ಟೇ ಅಚ್ಚಿನ ಮೊಳೆಗಳಿಂದಲೂ ನಡೆಯಿತು. ಕರಪತ್ರ, ಪತ್ರಿಕೆಗೆ ಬರೆದ ಕಾಗದ, ಶಾಸನದ ಕರಡು, ವಿಡಂಬನೆ, ಆತ್ಮಕಥೆ ಎಲ್ಲವೂ ಅದರ ಆಯುಧಗಳೇ. ಥಾಮಸ್ ಪೇನ್ 1776ರ ಜನವರಿಯಲ್ಲಿ ಹೊರತಂದ ‘ಕಾಮನ್ ಸೆನ್ಸ್’ ಎಂಬ ಕಿರುಹೊತ್ತಿಗೆ, ಅರಸನಿಲ್ಲದೆಯೂ ನಾಡು ಬದುಕಬಲ್ಲದು ಎಂಬ ಯೋಚನೆಯನ್ನು ಸಾಮಾನ್ಯರ ಭಾಷೆಯಲ್ಲಿ ಹೇಳಿ ಜನರ ನಡುವೆ ಹರಡಿತು. ಈ ಬರಹಗಳನ್ನು ಬರೀ ದಾಖಲೆಗಳೆಂದಲ್ಲದೆ ಸಾಹಿತ್ಯವೆಂದೂ ಓದಲು ಕುಳಿತರೆ, ನಾವು ನಿರೀಕ್ಷಿಸದ ಒಂದು ಪಾತ್ರ ಮತ್ತೆ ಮತ್ತೆ ಎದುರಾಗುತ್ತದೆ. ಅದು ಮುಸಲ್ಮಾನನ ಪಾತ್ರ.

ಈ ಪಾತ್ರ ಆ ಬರಹಗಳಲ್ಲಿ ಮೂರು ಬಗೆಯಲ್ಲಿ ಬರುತ್ತದೆ. ಒಮ್ಮೆ ವಾದವಾಗಿ, ಒಮ್ಮೆ ಮುಖವಾಡವಾಗಿ, ಒಮ್ಮೆ ಬರೀ ಹೆಸರಾಗಿ. ಅದೇ ಕಾಲದಲ್ಲಿ, ಅದೇ ಬರಹಗಾರರ ಹೊಲಗಳಲ್ಲಿ, ಬಂದರುಗಳಲ್ಲಿ ನಿಜವಾದ ಮುಸಲ್ಮಾನರೂ ಇದ್ದರು. ಅವರು ಈ ಪುಟಗಳಲ್ಲಿ ಮನುಷ್ಯರಾಗಿ ಕಾಣಿಸುವುದು ತೀರಾ ಅಪರೂಪ. ಈ ಎರಡರ ನಡುವಿನ ಬಿರುಕೇ ನಮ್ಮ ಚರ್ಚೆಯ ವಿಷಯ. ಕತೆ ಬರೆಯುವವರಾದ ನಮಗೆ ಯಾವುದೇ ಪಠ್ಯದ ಮುಂದೆ ಮೊದಲು ಹುಟ್ಟುವ ಪ್ರಶ್ನೆ ಇದು: ಇಲ್ಲಿ ಮಾತಾಡುತ್ತಿರುವವರು ಯಾರು, ಯಾರ ಬಾಯಿಂದ ಮಾತಾಡಿಸಲಾಗುತ್ತಿದೆ?

ಮೊದಲು ವಾದವಾಗಿ ಬಂದ ಮುಸಲ್ಮಾನನನ್ನು ನೋಡೋಣ. ಇವನ ಮೂಲ ಅಮೆರಿಕವಲ್ಲ, ಇಂಗ್ಲೆಂಡು. ಜಾನ್ ಲಾಕ್ 1689ರಲ್ಲಿ ಪ್ರಕಟವಾದ ತನ್ನ ಮತಸಹಿಷ್ಣುತೆಯ ಪತ್ರದಲ್ಲಿ, ಧರ್ಮದ ಕಾರಣಕ್ಕೆ ಮುಸಲ್ಮಾನನನ್ನಾಗಲಿ ಯಹೂದಿಯನ್ನಾಗಲಿ ನಾಗರಿಕ ಹಕ್ಕುಗಳಿಂದ ಹೊರಗಿಡಬಾರದು ಎಂದು ವಾದಿಸಿದ್ದ. ಥಾಮಸ್ ಜೆಫರ್ಸನ್ 1776ರಲ್ಲಿ ಲಾಕ್‌ನನ್ನು ಓದುತ್ತ ಈ ಮಾತನ್ನು ತನ್ನ ಟಿಪ್ಪಣಿಯಲ್ಲಿ ಇಳಿಸಿಕೊಂಡ. ಅದಕ್ಕೂ ಹನ್ನೊಂದು ವರ್ಷ ಮೊದಲು, 1765ರಲ್ಲಿ, ವಿಲಿಯಮ್ಸ್‌ಬರ್ಗ್‌ನಲ್ಲಿ ಕಾನೂನು ಓದುತ್ತಿದ್ದ ಇಪ್ಪತ್ತೆರಡರ ಆ ಯುವಕ ಜಾರ್ಜ್ ಸೇಲ್ ಇಂಗ್ಲಿಷಿಗೆ ತರ್ಜುಮೆ ಮಾಡಿದ ಕುರ್‌ಆನಿನ ಎರಡು ಸಂಪುಟಗಳನ್ನು ಕೊಂಡಿದ್ದ. ಸೇಲ್ ಕೂಡ ವೃತ್ತಿಯಿಂದ ವಕೀಲ. ಕುರ್‌ಆನನ್ನು ಸರಿಯಾಗಿ ತಿಳಿದರೆ ಅದನ್ನು ಖಂಡಿಸುವುದು ಸುಲಭ ಎಂಬ ಸಮರ್ಥನೆಯೊಡನೆ ಕೆಲಸಕ್ಕೆ ಇಳಿದರೂ, ಅವನ ದೀರ್ಘ ಪೀಠಿಕೆ ಆ ಕಾಲದ ಮಟ್ಟಿಗೆ ಸಾಕಷ್ಟು ನ್ಯಾಯವಾದದ್ದು.

ಜೆಫರ್ಸನ್ 1777ರಲ್ಲಿ ಕರಡು ಮಾಡಿದ ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಶಾಸನ ಒಂಬತ್ತು ವರ್ಷಗಳ ಬಳಿಕ, 1786ರ ಜನವರಿಯಲ್ಲಿ, ಜೇಮ್ಸ್ ಮ್ಯಾಡಿಸನ್ ಪಟ್ಟು ಹಿಡಿದು ನಡೆಸಿದ ಹೋರಾಟದಿಂದ ಅಂಗೀಕಾರವಾಯಿತು. ಅದರ ಪೀಠಿಕೆಗೆ ಯೇಸುಕ್ರಿಸ್ತನ ಹೆಸರು ಸೇರಿಸಬೇಕೆಂಬ ತಿದ್ದುಪಡಿ ಬಂದು ಬಹುಮತದಿಂದ ಬಿದ್ದುಹೋಯಿತು. 1821ರಲ್ಲಿ ಆತ್ಮಕಥೆ ಬರೆಯುವಾಗ ಎಪ್ಪತ್ತೇಳರ ಜೆಫರ್ಸನ್ ಈ ಘಟನೆಯನ್ನು ಹೆಮ್ಮೆಯಿಂದ ನೆನೆಯುತ್ತಾನೆ. ಆ ತಿದ್ದುಪಡಿ ಬಿದ್ದದ್ದರಿಂದಲೇ, ಯಹೂದಿ, ಕ್ರೈಸ್ತ, ಮುಸಲ್ಮಾನ, ಹಿಂದೂ, ನಾಸ್ತಿಕ ಎಲ್ಲರೂ ಕಾನೂನಿನ ನೆರಳಿಗೆ ಬಂದರು ಎಂಬುದು ಅವನ ವಿವರಣೆ. ನಮ್ಮ ದೇಶದ ಎರಡು ಸಮುದಾಯಗಳು ವರ್ಜೀನಿಯಾದ ಶಾಸನದ ವ್ಯಾಖ್ಯಾನದಲ್ಲಿ ಅಕ್ಕಪಕ್ಕ ನಿಂತದ್ದು ಹೀಗೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜೆಫರ್ಸನ್‌ಗೆ ಇಸ್ಲಾಮಿನ ಬಗ್ಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ಅದು ವಿಚಾರ ಸ್ವಾತಂತ್ರ್ಯವನ್ನು ಅದುಮಿದ ಧರ್ಮವೆಂದೇ ಅವನು ಬಗೆದಿದ್ದ. ಮುಸಲ್ಮಾನ ಅವನಿಗೆ ಬೇಕಾದದ್ದು ಸಹಿಷ್ಣುತೆಯ ಕೊನೆಯ ಗಡಿಕಲ್ಲಾಗಿ. ತೀರಾ ದೂರದವನಿಗೂ ಹಕ್ಕಿದೆ ಎಂದಾದರೆ, ಪಕ್ಕದ ಬ್ಯಾಪ್ಟಿಸ್ಟನಿಗೆ, ಕ್ಯಾಥೊಲಿಕ್‌ಗೆ, ಯಹೂದಿಗೆ ಇರಲೇಬೇಕಲ್ಲ! ವಾದದ ದೃಷ್ಟಿಯಿಂದ ಇದು ಬಲವಾದ ತಂತ್ರ. ಆದರೆ ಈ ತಂತ್ರ ನಿಲ್ಲಬೇಕಾದರೆ ಮುಸಲ್ಮಾನ ದೂರದಲ್ಲೇ ಇರಬೇಕು.

ಅವನು ದೂರದಲ್ಲಿದ್ದನೇ? ಸೇಲ್‌ನ ತರ್ಜುಮೆ ಲಂಡನ್ನಿನಲ್ಲಿ ಅಚ್ಚಾದದ್ದು 1734ರಲ್ಲಿ. ಸರಿಸುಮಾರು ಅದೇ ದಿನಗಳಲ್ಲಿ ಅದೇ ಊರಿನಲ್ಲಿ ಇನ್ನೊಬ್ಬ ಕುರ್‌ಆನ್ ಬರೆಯುತ್ತಿದ್ದ. ಅವನ ಹೆಸರು ಅಯ್ಯೂಬ್ ಸುಲೈಮಾನ್ ಜಾಲೊ. ಪಶ್ಚಿಮ ಆಫ್ರಿಕಾದ ಬುಂದುವಿನ ಆಲಿಮರ ಮನೆತನದವನು. ಗ್ಯಾಂಬಿಯಾ ನದಿಯ ಬಳಿ ಸೆರೆ ಸಿಕ್ಕು ಗುಲಾಮನಾಗಿ ಮಾರಾಟವಾಗಿ ಮೇರಿಲ್ಯಾಂಡಿನ ತಂಬಾಕು ತೋಟ ಸೇರಿದ. ಅಲ್ಲಿಂದ ತಪ್ಪಿಸಿಕೊಂಡು ಸಿಕ್ಕಿಬಿದ್ದು ಜೈಲು ಕಂಡ. ತಂದೆಗೆಂದು ಅರಬಿಯಲ್ಲಿ ಬರೆದ ಒಂದು ಪತ್ರ ಯಾರ್‍ಯಾರದೋ ಕೈ ದಾಟಿ ಲಂಡನ್ ತಲುಪಿ ಅವನ ಬಿಡುಗಡೆಗೆ ದಾರಿಯಾಯಿತು. 1733ರಲ್ಲಿ ಇಂಗ್ಲೆಂಡಿಗೆ ಬಂದ ಅಯ್ಯೂಬ್, ನೆನಪಿನಿಂದಲೇ ಇಡೀ ಕುರ್‌ಆನಿನ ಮೂರು ಪ್ರತಿಗಳನ್ನು ಬರೆದುಕೊಟ್ಟು, ಮರುವರ್ಷ ತಾಯ್ನಾಡಿಗೆ ಹೊರಟ. ಸೇಲ್‌ನ ಪುಸ್ತಕ ಕಡಲು ದಾಟಿ ಅಮೆರಿಕದ ಗ್ರಂಥಾಲಯಗಳನ್ನು ಸೇರಿತು. ಕುರ್‌ಆನನ್ನು ಎದೆಯಲ್ಲಿಟ್ಟುಕೊಂಡ ಹಾಫಿಜನನ್ನು ಅದೇ ಅಮೆರಿಕ ತಂಬಾಕು ಕೀಳಲು ಇಟ್ಟುಕೊಂಡಿತ್ತು.

ಅಯ್ಯೂಬನ ಕತೆಯ ಇನ್ನೊಂದು ತುದಿಯನ್ನೂ ನಾವು ಮುಚ್ಚಿಡಬಾರದು. ಅವನು ಗ್ಯಾಂಬಿಯಾ ನದಿಗೆ ಹೋದದ್ದೇ ತಂದೆಯ ಮಾತಿನಂತೆ ಇಬ್ಬರು ಗುಲಾಮರನ್ನು ಇಂಗ್ಲಿಷ್ ಹಡಗಿಗೆ ಮಾರಲು. ಮಾರಲು ಹೋದವನೇ ಮಾರಾಟವಾದ. ಅವನು ಮಾರಲು ಒಯ್ದ ಆ ಇಬ್ಬರಿಗೆ ಅರಬಿ ಪತ್ರವೂ ಇರಲಿಲ್ಲ, ಲಂಡನ್ನಿನ ಗೆಳೆಯರೂ ಇರಲಿಲ್ಲ. ಓದುಬರಹ ಬಲ್ಲ ಮುಸಲ್ಮಾನನ ಸಂಕಟಕ್ಕೆ ಮಾತ್ರ ಕಣ್ಣೀರು ಹಾಕುವ ಓದು ನಮ್ಮದಾಗಬಾರದು.

ವಾದದ ಮುಸಲ್ಮಾನ ಮತ್ತೊಮ್ಮೆ ಕಾಣಿಸಿಕೊಳ್ಳುವುದು 1788ರಲ್ಲಿ, ನಾರ್ತ್ ಕೆರೊಲಿನಾದ ಹಿಲ್ಸ್‌ಬರೊದಲ್ಲಿ. ಹೊಸ ಸಂವಿಧಾನವನ್ನು ಒಪ್ಪಬೇಕೇ ಬೇಡವೇ ಎಂದು ನಿರ್ಧರಿಸಲು ಸೇರಿದ ಸಭೆ ಅದು. ಸರಕಾರಿ ಹುದ್ದೆಗೆ ಯಾವ ಧಾರ್ಮಿಕ ಪರೀಕ್ಷೆಯೂ ಇರಕೂಡದು ಎನ್ನುವ ಆರನೆಯ ವಿಧಿಯ ಚರ್ಚೆಯಲ್ಲಿ ವಿಲಿಯಂ ಲಾಂಕಾಸ್ಟರ್ ಎಂಬ ಪ್ರತಿನಿಧಿ ಎದ್ದು, ಇನ್ನು ನಾಲ್ಕೈದು ಶತಮಾನ ಕಳೆದ ಮೇಲೆ ಮುಸಲ್ಮಾನನೊಬ್ಬ ಅಧ್ಯಕ್ಷನ ಕುರ್ಚಿಯಲ್ಲಿ ಕುಳಿತರೆ ಏನು ಗತಿ ಎಂದು ಆತಂಕಪಟ್ಟ. ಜೇಮ್ಸ್ ಐರೆಡೆಲ್ ಈ ಬಗೆಯ ಭಯಗಳಿಗೆ ಕೊಟ್ಟ ಉತ್ತರ ಇಂದಿಗೂ ಓದಬೇಕಾದದ್ದು. ಒಂದು ಗುಂಪನ್ನು ಹೊರಗಿಡಲು ಹೊರಟರೆ ನಾವು ಯಾವ ಧರ್ಮಸ್ವಾತಂತ್ರ್ಯಕ್ಕಾಗಿ ವಾದಿಸುತ್ತಿದ್ದೇವೋ ಅದರ ಬುಡವೇ ಕುಸಿಯುತ್ತದೆ ಎಂಬುದು ಅದರ ಸಾರ. ಆ ಸಭೆ ಸಂವಿಧಾನವನ್ನು ಒಪ್ಪದೆ ಚದುರಿತು. ಮರುವರ್ಷ ನವೆಂಬರಿನಲ್ಲಿ ಫಾಯೆಟ್‌ವಿಲ್ ಎಂಬ ಊರಿನಲ್ಲಿ ಸೇರಿದ ಇನ್ನೊಂದು ಸಭೆ ಒಪ್ಪಿತು. ಈ ಊರಿನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬರುತ್ತದೆ.

ಎರಡನೆಯದು ಮುಖವಾಡ. ಇದರ ಕರ್ತೃ ಬೆಂಜಮಿನ್ ಫ್ರಾಂಕ್ಲಿನ್. ಮುದ್ರಕ, ವಿಜ್ಞಾನಿ, ರಾಯಭಾರಿ. ನಮ್ಮ ಪಾಲಿಗೆ ಮುಖ್ಯವಾಗಿ ಆ ಪೀಳಿಗೆಯ ಅತ್ಯುತ್ತಮ ಗದ್ಯಕಾರ. ಫಿಲಡೆಲ್ಫಿಯಾದಲ್ಲಿ ಎಲ್ಲ ಪಂಥದವರ ಉಪನ್ಯಾಸಕ್ಕೆಂದು ಕಟ್ಟಿದ ಸಭಾಂಗಣದ ಬಗ್ಗೆ ತನ್ನ ಆತ್ಮಕಥೆಯಲ್ಲಿ ಬರೆಯುತ್ತ, ಕಾನ್‌ಸ್ಟಾಂಟಿನೋಪಲ್ಲಿನ ಮುಫ್ತಿ ಇಸ್ಲಾಮ್ ಬೋಧಿಸಲು ಒಬ್ಬರನ್ನು ಕಳಿಸಿದರೂ ಅಲ್ಲಿ ವೇದಿಕೆ ಸಿಗುತ್ತಿತ್ತು ಎನ್ನುತ್ತಾನೆ ಅವನು. ಅವನು ಕೊನೆಗಾಲದಲ್ಲಿ ಬರೆದ ವಿಡಂಬನೆ 1790ರ ಮಾರ್ಚ್ 23ರ ದಿನಾಂಕದ್ದು. ಅದಾದ ಮೇಲೆ ಅವನು ಬದುಕಿದ್ದು ನಾಲ್ಕು ವಾರಕ್ಕೂ ಕಡಿಮೆ.

ಹಿನ್ನೆಲೆ ಹೀಗಿದೆ. ಗುಲಾಮಗಿರಿ ವಿರೋಧಿಸುವ ಪೆನ್ಸಿಲ್ವೇನಿಯಾ ಸಂಘದ ಅಧ್ಯಕ್ಷನಾಗಿ ಫ್ರಾಂಕ್ಲಿನ್ ಆ ಫೆಬ್ರವರಿಯಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಮನವಿ ಸಲ್ಲಿಸಿದ್ದ. ಜಾರ್ಜಿಯಾದ ಜೇಮ್ಸ್ ಜಾಕ್ಸನ್ ಸದನದಲ್ಲಿ ಗುಲಾಮಗಿರಿಯ ಪರವಾಗಿ ಭಾಷಣ ಮಾಡಿದ. ಫ್ರಾಂಕ್ಲಿನ್ ಅದಕ್ಕೆ ಉತ್ತರವಾಗಿ ಪತ್ರಿಕೆಗೆ ಒಂದು ಕಾಗದ ಬರೆದು, ಜಾಕ್ಸನ್ನನ ಭಾಷಣ ಕೇಳಿ ತನಗೆ ನೂರು ವರ್ಷ ಹಿಂದಿನ ಇನ್ನೊಂದು ಭಾಷಣ ನೆನಪಾಯಿತು ಎಂದ. ಅದು ಅಲ್ಜಿಯರ್ಸಿನ ದಿವಾನದ ಸದಸ್ಯ ಸಿದಿ ಮೆಹೆಮೆತ್ ಇಬ್ರಾಹಿಮ್‌ನ ಭಾಷಣವಂತೆ. ಕ್ರೈಸ್ತ ಗುಲಾಮರನ್ನು ಬಿಟ್ಟುಬಿಡಿ ಎಂದು ಒಂದು ಪಂಗಡ ಮನವಿ ಕೊಟ್ಟಾಗ ಈತ ವಿರೋಧಿಸಿದನಂತೆ. ಇವರನ್ನು ಬಿಟ್ಟರೆ ಈ ಬಿಸಿಲಿನಲ್ಲಿ ನಮ್ಮ ಹೊಲ ಉಳುವವರು ಯಾರು, ಮಾಲೀಕರ ನಷ್ಟ ತುಂಬುವವರು ಯಾರು, ಬಿಟ್ಟವರು ಎಲ್ಲಿಗೆ ಹೋದಾರು, ತಮ್ಮ ದೇಶದಲ್ಲಿ ಇದ್ದುದಕ್ಕಿಂತ ಇಲ್ಲೇ ಸುಖವಾಗಿದ್ದಾರಲ್ಲ, ಧರ್ಮಗ್ರಂಥವೂ ಇದನ್ನು ಒಪ್ಪುತ್ತದಲ್ಲ - ಹೀಗೆ ಸಾಗುತ್ತದೆ ಅವನ ವಾದ. ಜಾಕ್ಸನ್ನನ ಮಾತುಗಳನ್ನೇ ಎತ್ತಿ ಒಂದು ಪೇಟದ ಕೆಳಗೆ ಇಟ್ಟದ್ದು ಅಷ್ಟೆ. ಸಿದಿ ಇಬ್ರಾಹಿಮ್ ಎಂಬವನೂ ಇಲ್ಲ, ಆ ಭಾಷಣವೂ ಇಲ್ಲ.

ವಿಡಂಬನೆಯಾಗಿ ಇದು ಉತ್ತಮ ಕೃತಿ. ಎದುರಾಳಿಯನ್ನು ಒಂದು ಕೆಟ್ಟ ಮಾತಿನಿಂದಲೂ ಬೈಯದೆ ಅವನ ಮಾತನ್ನೇ ಅವನ ಮುಂದೆ ಹಿಡಿಯುವ ಸಂಯಮ ಎಲ್ಲರಿಗೂ ಬರುವಂಥದಲ್ಲ. ಆಗ ಈ ಕನ್ನಡಿ ಚುಚ್ಚುವಂತೆ ಇನ್ನೊಂದು ಕಾರಣವೂ ಇತ್ತು. 1785ರಲ್ಲಿ ಅಲ್ಜೀರಿಯದವರು ಎರಡು ಅಮೆರಿಕನ್ ಹಡಗು ಹಿಡಿದು ಇಪ್ಪತ್ತೊಂದು ನಾವಿಕರನ್ನು ಸೆರೆಯಿಟ್ಟಿದ್ದರು. ಆ ಸೆರೆಯಾಳುಗಳಿಗಾಗಿ ಮರುಗುತ್ತಿದ್ದ ದೇಶಕ್ಕೆ, ನೀವು ಮಾಡುತ್ತಿರುವುದೂ ಅದನ್ನೇ ಎಂದು ಫ್ರಾಂಕ್ಲಿನ್ ತೋರಿಸಿದ. ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದ, ತನ್ನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಅಚ್ಚು ಹಾಕಿದ್ದ ಮನುಷ್ಯ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದು ನಿಂತದ್ದು ಸಣ್ಣ ಸಂಗತಿಯಲ್ಲ.

ಆದರೆ ಈ ತಂತ್ರದ ತಳಪಾಯವನ್ನು ನೋಡಬೇಕು. ಓದುಗ ನಗಬೇಕಾದರೆ, ಆಮೇಲೆ ನಾಚಬೇಕಾದರೆ, ಮುಸಲ್ಮಾನನೆಂದರೆ ಕ್ರೂರಿ ಎಂದು ಅವನು ಮೊದಲೇ ನಂಬಿರಬೇಕು. ನಂಬಿಕೆಯನ್ನು ಒಳ್ಳೆಯ ಕೆಲಸಕ್ಕೆ ಬಳಸಲಾಗಿದೆ, ನಿಜ. ಆದರೆ ಅದನ್ನು ಮುಟ್ಟದೆ ಬಿಡಲಾಗಿದೆ. ಇದೇ ರೂಢಿ ಜೆಫರ್ಸನ್ನನಲ್ಲೂ ಇದೆ. ಸ್ವಾತಂತ್ರ್ಯ ಘೋಷಣೆಯ ಮೊದಲ ಕರಡಿನಲ್ಲಿ ಅವನು ಗುಲಾಮರ ವ್ಯಾಪಾರಕ್ಕೆ ಬ್ರಿಟಿಷ್ ದೊರೆಯನ್ನು ದೂಷಿಸುವಾಗ, ಕಾಫಿರರಿಗೆ ತಕ್ಕ ಕಡಲುಗಳ್ಳತನವನ್ನು ಕ್ರೈಸ್ತ ದೊರೆಯೊಬ್ಬ ಮಾಡುತ್ತಿದ್ದಾನೆ ಎಂಬ ಧಾಟಿಯಲ್ಲಿ ಬರೆದ. ಅವರ ಕಣ್ಣಿನಲ್ಲಿ ಇಲ್ಲಿ ಕಾಫಿರರೆಂದರೆ ಉತ್ತರ ಆಫ್ರಿಕಾದ ಮುಸಲ್ಮಾನರು! ಕಾಂಗ್ರೆಸ್ ಆ ಭಾಗವನ್ನೇ ಕಿತ್ತುಹಾಕಿತು. ಹಾಗೆಂದು ಅಲ್ಜಿಯರ್ಸಿನ ಗುಲಾಮಗಿರಿ ಸುಳ್ಳಲ್ಲ. ಅದನ್ನು ಧರ್ಮದ ಹೆಸರಿನಲ್ಲಿ ಸಮರ್ಥಿಸಿದವರು ನಮ್ಮಲ್ಲೂ ಇದ್ದರು. ಫ್ರಾಂಕ್ಲಿನ್ನನ ಕನ್ನಡಿ ಎರಡೂ ಕಡೆಗೆ ತಿರುಗುವಂಥದು.

ಇನ್ನು ಹೆಸರು. 1774ರಲ್ಲಿ ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ಎಸ್ಟೇಟಿನ ತೆರಿಗೆ ಪಟ್ಟಿಯಲ್ಲಿ ಗುಲಾಮರ ಸಾಲಿನಲ್ಲಿ ಎರಡು ಹೆಸರುಗಳಿವೆ: ಫಾತಿಮರ್, ಲಿಟಲ್ ಫಾತಿಮರ್. ತಾಯಿ ಮಗಳಿರಬೇಕು. ಫಾತಿಮಾ ಎಂಬ ಹೆಸರು ಇಂಗ್ಲಿಷ್ ಕಿವಿಯಲ್ಲಿ ಹಾದು ಹೀಗಾಯಿತೆಂದು ತಿಳಿಯಲು ನಮಗೆ ಪಂಡಿತರು ಬೇಕಿಲ್ಲ. ನಮ್ಮ ಮನೆಗಳಲ್ಲಿ ದಿನವೂ ಕೂಗುವ ಹೆಸರು ಅದು. ಹತ್ತು ವರ್ಷಗಳ ನಂತರ, 1784ರಲ್ಲಿ, ಅದೇ ಎಸ್ಟೇಟಿಗೆ ಕುಶಲಕರ್ಮಿಗಳು ಬೇಕಾದಾಗ ವಾಷಿಂಗ್ಟನ್ ಗೆಳೆಯನಿಗೆ ಪತ್ರ ಬರೆದು, ಕೆಲಸ ಬಲ್ಲವರಾದರೆ ಮುಸಲ್ಮಾನರಾದರೂ ಸರಿ, ಯಹೂದಿಗಳಾದರೂ ಸರಿ, ನಾಸ್ತಿಕರಾದರೂ ಸರಿ ಎಂದ. ಈ ಪತ್ರವನ್ನು ಅವನ ಉದಾರತೆಗೆ ಸಾಕ್ಷಿಯಾಗಿ ಉಲ್ಲೇಖಿಸುವವರು ಬಹಳ. ಪಟ್ಟಿಯನ್ನೂ ಪತ್ರವನ್ನೂ ಜೊತೆಗಿಟ್ಟು ಓದುವವರು ಕಡಿಮೆ. ಎಲ್ಲೋ ಇರಬಹುದಾದ ಮುಸಲ್ಮಾನ ಬಡಗಿಗೆ ಸ್ವಾಗತ. ತೆರಿಗೆ ಕಟ್ಟಿದ ಫಾತಿಮಾಳಿಗೆ ಅಂಥ ಪತ್ರವಿಲ್ಲ.

ಹೆಸರಿನ ಇನ್ನೊಂದು ಬಳಕೆ ನೇರ ನಮ್ಮ ನೆಲದ್ದು. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಯುದ್ಧನೌಕೆಯನ್ನು ಸೋಲಿಸಿ ಹಿಡಿಯಿತು. ಗೆದ್ದ ಹಡಗಿನ ಹೆಸರು ‘ಹೈದರ್ ಅಲಿ’. ನಮ್ಮ ಮೈಸೂರಿನ ಹೈದರನೇ. ಕವಿ ಫಿಲಿಪ್ ಫ್ರೆನೊ ಈ ಹಡಗಿನ ಮೇಲೆ ಪದ್ಯ ಕಟ್ಟಿದ. ಕಂಪೆನಿಯ ದೌರ್ಜನ್ಯದ ಅರಿವು ಆ ಕ್ರಾಂತಿಕಾರರಿಗೆ ಇತ್ತು. ಜಾನ್ ಡಿಕಿನ್ಸನ್ 1773ರ ತನ್ನ ಪತ್ರದಲ್ಲಿ ಬಂಗಾಳದ ಬರದಲ್ಲಿ ಹದಿನೈದು ಲಕ್ಷ ಜನ ಸತ್ತ ಸುದ್ದಿ ಹೇಳಿ, ಅಲ್ಲಿ ಸುಲಿದ ಕಂಪೆನಿ ಈಗ ಅಮೆರಿಕದ ಮೇಲೆ ಕಣ್ಣು ಹಾಕಿದೆ ಎಂದು ಎಚ್ಚರಿಸಿದ. ಪೇನ್ ನಡೆಸುತ್ತಿದ್ದ ಪತ್ರಿಕೆ 1775ರಲ್ಲಿ ಕ್ಲೈವನ ಬಾಳಿನ ಮೇಲೆ ಕಟುವಾದ ಲೇಖನ ಪ್ರಕಟಿಸಿತು. ಆದರೆ ಶತ್ರುವಿನ ಶತ್ರು ಎಂಬುದರಾಚೆಗೆ ಆ ಹಡಗಿನವರಿಗೆ ಹೈದರ್ ಯಾರೂ ಆಗಿರಲಿಲ್ಲ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಅದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಗೋಡೆಯ ಹೊರಗೆ ನಿಂತು ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಪಡೆದ. ಒಂದು ಕಡೆ ಬಿಡುಗಡೆಯಾದದ್ದು ಇನ್ನೊಂದು ಕಡೆ ಬಿಗಿಯಾಯಿತು.

ಹಾಗಾದರೆ ಆ ಕಾಲದ ಗುಲಾಮರಿಗೆ ತಮ್ಮದೇ ದನಿ ಇರಲಿಲ್ಲವೇ? ಇತ್ತು. ಆದರೆ ಅದನ್ನು ನಂಬಲು ಸಾಕ್ಷಿ ಬೇಕಾಗಿತ್ತು. ಏಳೆಂಟು ವರ್ಷದ ಹುಡುಗಿಯಾಗಿ 1761ರಲ್ಲಿ ಬಾಸ್ಟನ್ನಿನಲ್ಲಿ ಮಾರಾಟವಾದ ಫಿಲಿಸ್ ವೀಟ್ಲಿಯ ಕವನ ಸಂಕಲನ 1773ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ, ಇದು ಇವಳೇ ಬರೆದದ್ದು ಎಂದು ಬಾಸ್ಟನ್ನಿನ ಹದಿನೆಂಟು ಗಣ್ಯರು ಸಹಿ ಹಾಕಿದ ಪ್ರಮಾಣಪತ್ರ ಪುಸ್ತಕದ ಮುಂದಿತ್ತು. ವರ್ಜೀನಿಯಾದ ಮೇಲಿನ ತನ್ನ ಪುಸ್ತಕದಲ್ಲಿ ಜೆಫರ್ಸನ್ ಅವಳ ಕಾವ್ಯ ವಿಮರ್ಶೆಗೂ ಯೋಗ್ಯವಲ್ಲವೆಂದು ತಳ್ಳಿಹಾಕಿದ. ಎಲ್ಲರೂ ಸಮಾನರು ಎಂದು ಬರೆದ ಲೇಖನಿ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದವನ ಕೈಯಲ್ಲಿತ್ತು.

ಮುಸಲ್ಮಾನನ ಸ್ವಂತ ದನಿ ಬರವಣಿಗೆಯಾಗಿ ನಮಗೆ ಸಿಗುವುದು ಸ್ವಲ್ಪ ತಡವಾಗಿ. ಜಾಕ್ಸನ್ನನ ಜಾರ್ಜಿಯಾದಲ್ಲೇ, ಸಪೆಲೊ ದ್ವೀಪದ ತೋಟದಲ್ಲಿ ಗುಲಾಮನಾಗಿದ್ದ ಬಿಲಾಲಿ ಮುಹಮ್ಮದ್ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅರಬಿಯಲ್ಲಿ ಹದಿಮೂರು ಪುಟ ಬರೆದಿಟ್ಟ. ಅದು ಮಾಲಿಕಿ ಫಿಕ್‌ಹ್‌ನ ಪಾಠ; ವುಜೂ, ನಮಾಜಿನ ವಿಧಿಗಳು. ಇನ್ನೊಬ್ಬ ಉಮರ್ ಇಬ್ನ್ ಸಯೀದ್. ಸೆನೆಗಲ್ ನದಿಯ ದಂಡೆಯ ಫೂತಾ ತೋರೊದಲ್ಲಿ ಇಪ್ಪತ್ತೈದು ವರ್ಷ ವಿದ್ಯೆ ಕಲಿತವನು. 1807ರಲ್ಲಿ, ಅಮೆರಿಕಕ್ಕೆ ಗುಲಾಮರನ್ನು ತರುವುದು ಕಾನೂನುಬಾಹಿರವಾಗಲು ಕೆಲವೇ ತಿಂಗಳಿರುವಾಗ, ಚಾರ್ಲ್ಸ್‌ಟನ್ನಿಗೆ ಬಂದಿಳಿದ. ಕ್ರೂರ ಒಡೆಯನಿಂದ ಓಡಿ ಸಿಕ್ಕಿಬಿದ್ದು ಸೇರಿದ ಜೈಲು ಫಾಯೆಟ್‌ವಿಲ್‌ನದು. ಮುಸಲ್ಮಾನ ಮುಂದೊಂದು ದಿನ ಕುರ್ಚಿ ಏರಿಯಾನೆಂದು ಹೆದರಿದ್ದ ಅದೇ ನಾರ್ತ್ ಕೆರೊಲಿನಾ. ಧಾರ್ಮಿಕ ಪರೀಕ್ಷೆ ಬೇಡವೆಂಬ ಸಂವಿಧಾನವನ್ನು ಒಪ್ಪಿದ ಅದೇ ಊರು. ಅಲ್ಲಿ ಮುಸಲ್ಮಾನ ಜೈಲಿನ ಗೋಡೆಯ ಮೇಲೆ ಇದ್ದಿಲಿನಿಂದ ಅರಬಿ ಬರೆಯುತ್ತಿದ್ದ.

ಉಮರ್ 1831ರಲ್ಲಿ ಹದಿನೈದು ಪುಟಗಳ ಆತ್ಮಕಥೆ ಬರೆದ. ಅದು ಸುಲಭದ ಪಠ್ಯವಲ್ಲ. ಅಷ್ಟರಲ್ಲಿ ಅವನು ಚರ್ಚಿಗೆ ಸೇರಿದ್ದ. ಈಗಿನ ಒಡೆಯ ಜೇಮ್ಸ್ ಓವೆನ್‌ನನ್ನು ಹೊಗಳುತ್ತಾನೆ. ತನ್ನ ಭಾಷೆಯನ್ನೂ ಅರಬಿಯನ್ನೂ ಮರೆತಿದ್ದೇನೆಂದು ಕ್ಷಮೆ ಕೇಳುತ್ತಾನೆ. ಆದರೆ ಬರಹ ಶುರುವಾಗುವುದು ಸೂರಾ ಅಲ್-ಮುಲ್ಕ್‌ನಿಂದ. ಎಲ್ಲ ಒಡೆತನವೂ ಅಲ್ಲಾಹನದು ಎಂಬಲ್ಲಿಂದ ಆರಂಭವಾಗುವ ಅಧ್ಯಾಯ ಅದು. ಉರ್ದುವಿನ ಮಿಲ್ಕಿಯತ್, ಕನ್ನಡಕ್ಕೆ ಬಂದು ನಮ್ಮದೇ ಆಗಿರುವ ಮಾಲೀಕ, ಎರಡೂ ಅದೇ ಧಾತುವಿನ ಮಕ್ಕಳು. ಮಾಲೀಕನ ಮನೆಯಲ್ಲಿ ಕುಳಿತು, ಮಾಲೀಕನಿಗೆ ಬಾರದ ಲಿಪಿಯಲ್ಲಿ, ಮಾಲೀಕ ನೀನಲ್ಲ ಎಂದು ಮೊದಲ ಪುಟದಲ್ಲೇ ಬರೆಯುವ ಧೈರ್ಯ ಅದು. ಇದನ್ನು ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ಕಿವಿಗಂತೂ ಅದು ನೇರವಾಗಿ ಕೇಳಿಸುತ್ತದೆ.

ಈಗ ಎರಡು ಸುಲಭದ ತೀರ್ಪುಗಳನ್ನು ದೂರವಿಡಬೇಕು. ಒಂದು, ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುವುದು. ಜೆಫರ್ಸನ್ ಕುರ್‌ಆನ್ ಓದಿದ್ದ, 1805ರ ರಂಜಾನಿನಲ್ಲಿ ತ್ಯುನಿಸಿಯದ ದೂತನಿಗಾಗಿ ಔತಣವನ್ನು ಸೂರ್ಯಾಸ್ತಕ್ಕೆ ಮುಂದೂಡಿದ, ಮೊರೊಕ್ಕೊದ ಸುಲ್ತಾನ 1777ರಲ್ಲೇ ಅಮೆರಿಕದ ಹಡಗುಗಳಿಗೆ ಬಂದರು ತೆರೆದಿದ್ದ - ಆದ್ದರಿಂದ ಅವರೆಲ್ಲ ನಮ್ಮವರು ಎನ್ನುವ ಹೆಮ್ಮೆ. ಸಂಗತಿಗಳು ನಿಜ, ಆದರೆ ಈ ಹೆಮ್ಮೆಯಲ್ಲಿ ಫಾತಿಮಾಳಿಗೆ ಜಾಗವಿಲ್ಲ. ಇನ್ನೊಂದು, ಅದೆಲ್ಲ ಬರೀ ಬೂಟಾಟಿಕೆ ಎಂದು ತಳ್ಳಿಹಾಕುವುದು. ಇದೂ ಸಲ್ಲದು. ಬರೆದವರಿಗಿಂತ ಬರಹ ದೊಡ್ಡದಾಗುವುದುಂಟು. ಅಮೆರಿಕದ ಸರಕಾರ ಕ್ರೈಸ್ತ ಧರ್ಮದ ಮೇಲೆ ನಿಂತದ್ದಲ್ಲ, ಮುಸಲ್ಮಾನರ ಮೇಲೆ ಅದಕ್ಕೆ ಹಗೆಯಿಲ್ಲ ಎಂದು ಸಾರುವ ತ್ರಿಪೋಲಿ ಒಪ್ಪಂದವನ್ನು 1797ರಲ್ಲಿ ಸೆನೆಟ್ ಅವಿರೋಧವಾಗಿ ಒಪ್ಪಿತು. 2007ರ ಜನವರಿಯಲ್ಲಿ ಕೀತ್ ಎಲಿಸನ್ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಮುಸ್ಲಿಮನಾಗಿ ಜೆಫರ್ಸನ್ನನ ಅದೇ ಕುರ್‌ಆನಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರು. ಅವರು ಆಫ್ರಿಕನ್ ಅಮೆರಿಕನ್ ಕೂಡ. ಕಲ್ಪನೆಯ ಮುಸಲ್ಮಾನನಿಗಾಗಿ ತೆರೆದಿಟ್ಟ ಬಾಗಿಲಿನಿಂದ ನಿಜದ ಮುಸಲ್ಮಾನ ಒಳಬಂದ. ಲಾಂಕಾಸ್ಟರ್ ಎಣಿಸಿದ್ದಕ್ಕಿಂತ ಬೇಗ, ಆದರೆ ಫಾತಿಮಾಳಿಗೆ ತೀರಾ ತಡವಾಗಿ.

ಅಲ್ಪಸಂಖ್ಯಾತರಾಗಿ ಬದುಕುವವರಿಗೆ ಈ ಓದು ಬರೀ ಚರಿತ್ರೆಯಲ್ಲ. ಯಾರದೋ ಉದಾರತೆಗೆ ಉದಾಹರಣೆಯಾಗುವುದು, ಯಾರದೋ ಭಯಕ್ಕೆ ಉದಾಹರಣೆಯಾಗುವುದು, ಎರಡೂ ನಮಗೆ ಗೊತ್ತಿರುವ ಅನುಭವಗಳೇ. ವೇದಿಕೆಯ ಭಾಷಣದಲ್ಲಿ ಬರುವ ಸಾಬಿಗೂ ಪಕ್ಕದ ಬೀದಿಯಲ್ಲಿ ಬಾಡಿಗೆ ಮನೆ ಕೇಳುವ ಸಾಬಿಗೂ ಇರುವ ದೂರ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೆಂದು ಭಾಷಣ ಬೇಡವೆನ್ನಲಾಗದು. ಶಾಸನದಲ್ಲಿ ಹೆಸರಿದ್ದರೆ ನಾಳೆ ಬಾಗಿಲು ತಟ್ಟಲು ಒಂದು ಕಾಗದವಾದರೂ ಕೈಯಲ್ಲಿರುತ್ತದೆ. ಆದರೆ ಆ ಕಾಗದವನ್ನು ಕೊಟ್ಟವರ ಮನೆಯ ಲೆಕ್ಕದ ಪುಸ್ತಕವನ್ನೂ ಓದುವುದು ವಿಮರ್ಶೆಯ ಕೆಲಸ. ನಮ್ಮ ಮನೆಯ ಲೆಕ್ಕದ ಪುಸ್ತಕವನ್ನೂ ಹಾಗೆಯೇ ತೆರೆದಿಡಬೇಕು. ಅಯ್ಯೂಬ್ ಮಾರಲು ಒಯ್ದ ಆ ಇಬ್ಬರು ಅದರೊಳಗಿದ್ದಾರೆ.

ಜೆಫರ್ಸನ್ 1815ರಲ್ಲಿ ತನ್ನ ಗ್ರಂಥಭಂಡಾರವನ್ನು ಅಮೆರಿಕದ ಕಾಂಗ್ರೆಸ್ಸಿಗೆ ಮಾರಿದಾಗ ಸೇಲ್‌ನ ಕುರ್‌ಆನ್ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. 1851ರ ಬೆಂಕಿಯಲ್ಲಿ ಅವನ ಪುಸ್ತಕಗಳಲ್ಲಿ ಮೂರನೆಯ ಎರಡು ಭಾಗ ಸುಟ್ಟುಹೋದರೂ ಅದು ಉಳಿಯಿತು. ಉಮರ್ ಇಬ್ನ್ ಸಯೀದನ ಹಸ್ತಪ್ರತಿಯನ್ನು ಅದೇ ಲೈಬ್ರರಿ 2017ರಲ್ಲಿ ಕೊಂಡು, 2019ರಲ್ಲಿ ಎಲ್ಲರೂ ಓದುವಂತೆ ಅಂತರಜಾಲದಲ್ಲಿ ಇಟ್ಟಿತು. ವಾದಕ್ಕೆಂದು ಓದಿದ ಕುರ್‌ಆನೂ ನೆನಪಿನಿಂದ ಬರೆದ ಸೂರಾ ಕೂಡ ಈಗ ಒಂದೇ ಸೂರಿನಡಿಯಲ್ಲಿವೆ. ಅಮೆರಿಕದ ಹುಟ್ಟನ್ನು ತಿಳಿಯಬೇಕೆನ್ನುವವರು ಇವೆರಡನ್ನೂ ಒಟ್ಟಿಗೆ ತೆರೆದುಕೊಂಡು ಕೂರಬೇಕು. ಒಂದನ್ನು ಮಾತ್ರ ಓದಿದರೆ ಅರ್ಧ ದೇಶ ಕಾಣುತ್ತದೆ, ಅಷ್ಟೆ.